ಜನಪ್ರಿಯತೆಯ ಬಾಕಿ ಲೆಕ್ಕ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲು ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಕೇಳುವ ಟಿಪಿಎಂ ಚಿಪ್ಪು, ಹೊಸ ತಲೆಮಾರಿನ ಪ್ರೊಸೆಸರ್ ಇಲ್ಲವೆಂಬ ಒಂದೇ ಕಾರಣಕ್ಕೆ ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರುಗಳು ಮೂಲೆ ಸೇರುವ ಸ್ಥಿತಿ ಬಂತು. ಅವುಗಳ ಮಾಲೀಕರಲ್ಲಿ ಹಲವರು ಈಗ ಉಬುಂಟು, ಮಿಂಟ್, ಫೆಡೋರಾದಂಥ ಲಿನಕ್ಸ್ ಆವೃತ್ತಿಗಳನ್ನು ಹಾಕಿಸಿಕೊಳ್ಳುತ್ತಿದ್ದಾರೆ. 2022ರಲ್ಲಿ ಲಿನಕ್ಸ್ ಮೇಲೆ ಓಡುವ ಗೇಮಿಂಗ್ ಸಾಧನ ಸ್ಟೀಮ್ ಡೆಕ್ ಮಾರುಕಟ್ಟೆಗೆ ಬಂದ ಮೇಲೆ, ಲಿನಕ್ಸಿನಲ್ಲಿ ಗೇಮ್ ಆಡಲಾಗದು ಎಂಬ ಹಳೆಯ ಮಾತೂ ನಿಲ್ಲುತ್ತಿಲ್ಲ. ಮುಕ್ತ ತಂತ್ರಾಂಶದ ಬಳಗದಲ್ಲಿ ಇದಕ್ಕೆಲ್ಲ ಸಂಭ್ರಮವಿದೆ. ಹಳಬರಲ್ಲಿ ಅಳುಕೂ ಇದೆ: ಇಷ್ಟು ಜನ ನುಗ್ಗಿದರೆ ಇದು ಕೆಟ್ಟುಹೋಗದೆ?

ಕೆಡುತ್ತಿದೆ, ನಿಜ. ಈಗ ನಡೆಯುತ್ತಿರುವ ರೀತಿಯಲ್ಲಿ ಜನಪ್ರಿಯತೆ ಬೆಳೆಯುವುದು ಮುಕ್ತ ಆಪರೇಟಿಂಗ್ ಸಿಸ್ಟಂಗಳಿಗೆ ಹಾನಿಕರ ಎಂಬುದೇ ನಮ್ಮ ತೀರ್ಪು. ಆದರೆ ಹಳಬರು ದೂರುವ ಹೊಸ ಬಳಕೆದಾರನ ಮೇಲೆ ಈ ಆರೋಪ ನಿಲ್ಲುವುದಿಲ್ಲ. ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾದವರು ಇದರಿಂದ ಕೋಟಿಗಟ್ಟಲೆ ಗಳಿಸಿಯೂ ಲೆಕ್ಕ ತೀರಿಸದ ದೊಡ್ಡ ಫಲಾನುಭವಿಗಳು.

2024ರ ಮಾರ್ಚ್ 29ರಂದು ಹೊರಬಿದ್ದ ಎಕ್ಸ್‌ಝಡ್ ಪ್ರಕರಣವನ್ನು ನೋಡಿ. ಎಕ್ಸ್‌ಝಡ್ ಕಡತಗಳನ್ನು ಕುಗ್ಗಿಸಿಡುವ ಒಂದು ಚಿಕ್ಕ ತಂತ್ರಾಂಶ. ಅದರ ಹೆಸರು ಕೇಳಿದವರು ಕಡಿಮೆ, ಅದು ಇಲ್ಲದ ಲಿನಕ್ಸ್ ಸರ್ವರ್ ಇನ್ನೂ ಕಡಿಮೆ. ವರ್ಷಗಳ ಕಾಲ ಅದನ್ನು ನೋಡಿಕೊಂಡವರು ಒಬ್ಬರೇ, ಅದೂ ಸಂಬಳವಿಲ್ಲದೆ, ಬಿಡುವಿನ ಹೊತ್ತಿನಲ್ಲಿ. 2022ರಲ್ಲಿ ಅವರ ಮೇಲೆ ಒತ್ತಡ ಜೋರಾಯಿತು. ಪ್ಯಾಚ್‌ಗಳು ಬೇಗ ಸೇರುತ್ತಿಲ್ಲ, ಕೈಲಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು ಗುರುತು ಪರಿಚಯವಿಲ್ಲದ ಹೆಸರುಗಳು ಒಂದರ ಹಿಂದೊಂದು ದೂರತೊಡಗಿದವು. ತಮ್ಮ ಆರೋಗ್ಯ ಸರಿಯಿಲ್ಲ, ಇದು ದುಡ್ಡು ಬರುವ ಕೆಲಸವೂ ಅಲ್ಲ ಎಂದು ಅವರು ಬಹಿರಂಗವಾಗಿಯೇ ಹೇಳಿಕೊಂಡರು. ಆ ತಂತ್ರಾಂಶದ ಮೇಲೆ ನಿಂತಿದ್ದ ದೊಡ್ಡ ದೊಡ್ಡ ಕಂಪನಿಗಳಲ್ಲಿ ಒಂದಾದರೂ ಆಗ ಹೆಗಲು ಕೊಟ್ಟಿದ್ದರೆ ಮುಂದಿನ ಕಥೆಯೇ ಬೇರೆಯಿರುತ್ತಿತ್ತು.

ಹೆಗಲು ಕೊಟ್ಟಿದ್ದು ‘ಜಿಯಾ ಟಾನ್’ ಎಂಬ ಹೆಸರು. ಆ ಹೆಸರಿನ ಹಿಂದಿದ್ದವರು ಎರಡು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ದುಡಿದು ನಂಬಿಕೆ ಗಳಿಸಿದರು, ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಅಧಿಕಾರ ಪಡೆದರು. ಬಳಿಕ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟರು. ಸರ್ವರುಗಳಿಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ದಾರಿಯನ್ನು ತಮಗೆ ಬೇಕಾದಾಗ ತೆರೆದುಕೊಳ್ಳಬಲ್ಲ ಹಿಂಬಾಗಿಲು ಅದು. ಡೆಬಿಯನ್, ಫೆಡೋರಾಗಳ ಪರೀಕ್ಷಾ ಆವೃತ್ತಿಗಳವರೆಗೂ ಅದು ತಲುಪಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರಾವುದೋ ಪರೀಕ್ಷೆ ನಡೆಸುತ್ತಿದ್ದಾಗ ಲಾಗಿನ್‌ಗೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿರುವುದನ್ನು ಕಂಡರು, ಅದೇಕೆಂದು ಬೆನ್ನುಹತ್ತಿದರು. ಜಗತ್ತಿನ ಸರ್ವರುಗಳು ಉಳಿದುಕೊಂಡದ್ದು ಒಬ್ಬರ ಆ ಹಟದಿಂದ.

ಕೋಡ್ ಎಲ್ಲರಿಗೂ ತೆರೆದಿದ್ದರೆ ಸಾವಿರ ಕಣ್ಣುಗಳು ಕಾಯುತ್ತವೆ ಎಂದು ಮುಕ್ತ ತಂತ್ರಾಂಶದ ಗೆಳೆಯರು ನಂಬಿಸುತ್ತ ಬಂದಿದ್ದಾರೆ. ಬಳಕೆ ಹೆಚ್ಚಿದಷ್ಟೂ ಕಾವಲು ಹೆಚ್ಚುತ್ತದೆ ಎಂಬುದು ಇದರ ಒಳಮಾತು. ಅನುಭವ ಇದಕ್ಕೆ ವಿರುದ್ಧವಾಗಿದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಅಂತರ್ಜಾಲದ ವಹಿವಾಟಿಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್‌ಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಎಸ್‌ಎಸ್‌ಎಚ್‌ನ ಬಹುಬಳಕೆಯ ರೂಪವಾದ ಓಪನ್‌ಎಸ್‌ಎಸ್‌ಎಚ್ ಅನ್ನು ಜಗತ್ತಿಗೆ ಕೊಟ್ಟ ಓಪನ್‌ಬಿಎಸ್‌ಡಿ ತಂಡ ಅದೇ ವರ್ಷದ ಜನವರಿಯಲ್ಲಿ ತನ್ನ ಸರ್ವರುಗಳ ಕರೆಂಟ್ ಬಿಲ್ ಕಟ್ಟಲು 20,000 ಡಾಲರ್ ಬೇಕೆಂದು ಜನರ ಮುಂದೆ ಕೈಚಾಚಿತ್ತು. ಲಕ್ಷಾಂತರ ಸರ್ವರುಗಳು ಆ ತಂಡದ ಕೋಡನ್ನು ನೆಚ್ಚಿ ನಡೆಯುತ್ತಿದ್ದ ಕಾಲ ಅದು. 2023ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ತಂಡವೇ, ತನ್ನ ದೀರ್ಘಾವಧಿ ಆವೃತ್ತಿಗಳಿಗೆ ಆರು ವರ್ಷ ಕೊಡುತ್ತಿದ್ದ ಬೆಂಬಲವನ್ನು ಎರಡಕ್ಕೆ ಇಳಿಸುವುದಾಗಿ ಹೇಳಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಕೋಡ್ ನೋಡಿಕೊಳ್ಳುವ ಮೇಂಟೇನರ್‌ಗಳ ದಣಿವೂ ಒಂದು. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳನ್ನೂ ನಡೆಸುವ ಕರ್ನೆಲ್ಲಿನ ಪರಿಸ್ಥಿತಿ ಇದು.

ನಮ್ಮ ಊರುಗಳ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅವನು ನೋಡುತ್ತಿದ್ದ, ಅಚ್ಚುಕಟ್ಟಿನವರೆಲ್ಲ ಅವನಿಗೆ ಸುಗ್ಗಿಯಲ್ಲಿ ಕಾಳು ಅಳೆಯುತ್ತಿದ್ದರು, ಹೂಳೆತ್ತಲು ಆಳು ಕೊಡುತ್ತಿದ್ದರು. ಇಂದು ಲಿನಕ್ಸ್ ಎಂಬ ಕೆರೆಗೆ ದೊಡ್ಡ ದೊಡ್ಡ ಪಂಪ್‌ಸೆಟ್ಟುಗಳು ಬಿದ್ದಿವೆ. ನೀರಗಂಟಿಗೆ ಕಾಳಿಲ್ಲ. ಹೂಳಿನ ಮಾತನ್ನು ಯಾರೂ ಎತ್ತುತ್ತಿಲ್ಲ.

ಜನಪ್ರಿಯತೆಯ ಎರಡನೆಯ ಕೇಡು ಇನ್ನೂ ಆಳದ್ದು. ಬಳಸುವವರ ಸಂಖ್ಯೆ ಬೆಳೆಯುತ್ತ ಸ್ವಾತಂತ್ರ್ಯ ಮಾತ್ರ ಕರಗುವ ಬಗೆ ಅದು. ಆಂಡ್ರಾಯ್ಡ್ ಲಿನಕ್ಸ್ ಕರ್ನೆಲ್ ಮೇಲೆ ಕಟ್ಟಿದ ವ್ಯವಸ್ಥೆ. ಜಗತ್ತಿನಲ್ಲಿ ಅತಿ ಹೆಚ್ಚು ಜನರ ಕೈಯಲ್ಲಿರುವ ಲಿನಕ್ಸ್ ಅದೇ. ಅದರ ಒಡೆತನ ಯಾರದು? 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ, ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿ ತನಗಿದ್ದ ಮೇಲುಗೈಯನ್ನು ದುರುಪಯೋಗಪಡಿಸಿಕೊಂಡಿದ್ದಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಗೂಗಲ್‌ನ ಆ್ಯಪ್‌ಗಳನ್ನು ಮೊದಲೇ ತುಂಬಿಸಿಕೊಡಬೇಕೆಂಬ ಕರಾರು, ಆಂಡ್ರಾಯ್ಡ್‌ನ ಬದಲಿ ರೂಪಗಳಿರುವ ಫೋನ್‌ಗಳನ್ನು ತಯಾರಿಸದಂತೆ ಕಂಪನಿಗಳ ಕೈಕಟ್ಟಿದ ಕರಾರು ಆ ಆದೇಶದಲ್ಲಿ ವಿಚಾರಣೆಗೆ ಒಳಗಾಗಿದ್ದವು. ಕೋಡನ್ನು ಯಾರು ಬೇಕಾದರೂ ಬದಲಿಸಿ ಹಂಚಬಹುದು ಎಂಬುದೇ ಮುಕ್ತ ತಂತ್ರಾಂಶದ ಪ್ರಾಣ. ಆ ಪ್ರಾಣವನ್ನೇ ಕರಾರುಪತ್ರದಲ್ಲಿ ಹಿಂಡಿದರು.

ಅಲ್ಲಿಗೂ ನಿಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಗೂಗಲ್, ಆಂಡ್ರಾಯ್ಡ್‌ನ ಅಭಿವೃದ್ಧಿಯನ್ನು ಪೂರ್ತಿಯಾಗಿ ತನ್ನ ಒಳಗೇ ನಡೆಸಿ, ಕೆಲಸ ಮುಗಿದ ಮೇಲೆ ಕೋಡ್ ಬಿಡುವುದಾಗಿ ತಿಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಘೋಷಣೆ: ಪ್ಲೇ ಸ್ಟೋರ್‌ನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳಬೇಕಿದ್ದರೂ ಅದನ್ನು ಬರೆದವರು ತನ್ನಲ್ಲಿ ಗುರುತು ನೋಂದಾಯಿಸಿರಬೇಕು. ವಿರೋಧ ಬಂದ ಬಳಿಕ, ನುರಿತ ಬಳಕೆದಾರರಿಗೆ ಬೇರೊಂದು ದಾರಿ ಇಡುವುದಾಗಿ ಕಂಪನಿ ಹೇಳಿತು. ನಮ್ಮ ಕೈಯಲ್ಲಿರುವ ಫೋನಿನಲ್ಲಿ ಏನು ಓಡಬೇಕೆಂದು ತೀರ್ಮಾನಿಸುವ ಹಕ್ಕು ಒಂದು ಕಂಪನಿಯ ಕೃಪೆಗೆ ಬಿದ್ದಿದೆ. ಇಂಥ ಜನಪ್ರಿಯತೆಯನ್ನು ಮುಕ್ತ ತಂತ್ರಾಂಶದ ಗೆಲುವೆಂದು ಲೆಕ್ಕಕ್ಕೆ ಹಿಡಿಯುವುದು ತಪ್ಪು.

ಸರ್ವರ್ ಲೋಕದಲ್ಲೂ ಹೀಗೇ ಆಯಿತು. ಸರ್ವರುಗಳಲ್ಲಿ ಉಚಿತವಾಗಿ ಬಳಸುತ್ತಿದ್ದ ಲಿನಕ್ಸ್ ಆವೃತ್ತಿ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲವೆಂದು ನಂಬಿ ಸಂಸ್ಥೆಗಳು ತಮ್ಮ ಯಂತ್ರಗಳನ್ನು ಅದಕ್ಕೆ ಬದಲಿಸಿಕೊಂಡಿದ್ದವು. 2020ರ ಡಿಸೆಂಬರ್‌ನಲ್ಲಿ, ಮುಂದಿನ ವರ್ಷದ ಕೊನೆಗೇ ಅದು ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. ಅಷ್ಟರಲ್ಲಿ ಸೆಂಟ್‌ಓಎಸ್ ರೆಡ್ ಹ್ಯಾಟ್‌ನದಾಗಿತ್ತು, ರೆಡ್ ಹ್ಯಾಟ್ ಅನ್ನು ಐಬಿಎಂ 3,400 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. 2023ರಲ್ಲಿ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಸೋರ್ಸ್ ಕೋಡನ್ನು ಸಾರ್ವಜನಿಕವಾಗಿ ಕೊಡುವುದನ್ನೂ ಬಿಟ್ಟು ಗ್ರಾಹಕರಿಗೆ ಸೀಮಿತಗೊಳಿಸಿತು. ರೆಡ್ ಹ್ಯಾಟ್ ನೂರಾರು ಎಂಜಿನಿಯರುಗಳಿಗೆ ಸಂಬಳ ಕೊಟ್ಟು ಲಿನಕ್ಸ್ ಬೆಳೆಸಿದ ಸಂಸ್ಥೆ ಎಂಬುದನ್ನು ಮರೆಯಲಾಗದು. ಆದರೂ ಕೊಟ್ಟ ಮಾತನ್ನು ನಡುವೆ ಮುರಿಯುವ ಹಕ್ಕು ಅದರಿಂದ ಬರುವುದಿಲ್ಲ. ಸೆಂಟ್‌ಓಎಸ್ ಪ್ರಕಟಣೆಯ ಬೆನ್ನಲ್ಲೇ ರಾಕಿ, ಆಲ್ಮಾ ಎಂಬ ಹೊಸ ಲಿನಕ್ಸ್ ಆವೃತ್ತಿಗಳು ಹುಟ್ಟಿ ನೊಂದವರಿಗೆ ನೆಲೆ ಕೊಟ್ಟವು. ಕೋಡನ್ನು ಬದಲಿಸಿ ಹಂಚುವ ಹಕ್ಕನ್ನು ಕಾಯುವ ಜಿಪಿಎಲ್ ಲೈಸೆನ್ಸ್ ಎಷ್ಟು ಗಟ್ಟಿ ಎಂಬುದಕ್ಕೆ ಅವೇ ಸಾಕ್ಷಿ.

ಇನ್ನು ಹೊಸ ಬಳಕೆದಾರ. ಆಪಲ್‌ನ ಯಂತ್ರಗಳಲ್ಲಿ ಲಿನಕ್ಸ್ ಓಡಿಸುವ ಅಸಾಹಿ ಯೋಜನೆಯ ಮುಖಂಡ ಹೆಕ್ಟರ್ ಮಾರ್ಟಿನ್ 2025ರ ಫೆಬ್ರುವರಿಯಲ್ಲಿ ಹುದ್ದೆ ಬಿಟ್ಟಾಗ, ಕರ್ನೆಲ್ ಬಳಗದೊಳಗಿನ ಜಗಳದ ಜೊತೆಗೆ, ಅದು ಯಾವಾಗ ಬರುತ್ತದೆ, ಇದೇಕೆ ಇಲ್ಲ ಎಂದು ಅಧಿಕಾರದಿಂದ ಕೇಳುತ್ತಲೇ ಇದ್ದ ಬಳಕೆದಾರರೂ ತಮ್ಮನ್ನು ದಣಿಸಿದರೆಂದು ಬರೆದರು. ಪುಕ್ಕಟೆ ಪಡೆದದ್ದಕ್ಕೆ ಗ್ರಾಹಕನ ದರ್ಪ ತೋರುವುದು ಅಸಭ್ಯತೆ, ಅದನ್ನು ಖಂಡಿಸಲೇಬೇಕು. ಹಾಗೆಂದು ಬಾಗಿಲು ಮುಚ್ಚಿಕೊಳ್ಳಿ ಎನ್ನುವ ಹಳಬರನ್ನು ನಾವು ಬೆಂಬಲಿಸುವುದಿಲ್ಲ. ಬಳಕೆದಾರರ ಸಂಖ್ಯೆ ಇಲ್ಲದ ಕಾಲದಲ್ಲಿ ವೈಫೈ ಕಾರ್ಡಿಗೆ ಡ್ರೈವರ್ ಸಿಗದೆ, ಪ್ರಿಂಟರ್ ಮಾತು ಕೇಳದೆ ಎಷ್ಟು ಜನ ವಿಂಡೋಸ್‌ಗೆ ಮರಳಿದರು! ತಯಾರಕರು ಇಂದು ತಾವಾಗಿ ಡ್ರೈವರ್ ಬರೆದು ಕಳಿಸುವಂತಾದದ್ದು ಬಳಕೆ ಬೆಳೆದದ್ದರಿಂದಲೇ. ಹಳೆಯ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿಕೊಂಡು ಮಗಳ ಓದಿಗೆ ಕೊಡುವ ತಂದೆ ಯಾರಿಗೂ ಏನನ್ನೂ ಬಾಕಿ ಇಟ್ಟಿಲ್ಲ.

ಬಾಕಿ ಇರುವುದು ಕಂಪನಿಗಳಲ್ಲಿ, ಸರ್ಕಾರಗಳಲ್ಲಿ. ಬೆಂಗಳೂರಿನ ಐಟಿ ಉದ್ಯಮ ದಿನ ಬೆಳಗಾದರೆ ಲಿನಕ್ಸ್ ಸರ್ವರುಗಳ ಮೇಲೆ ಸಂಪಾದಿಸುತ್ತದೆ. ಅದೇ ನಗರದ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು ಘೋಷಿಸಿತು. ಜರ್ಮನಿಯ ಸರ್ಕಾರಿ ನಿಧಿಯೊಂದು 2023ರಲ್ಲಿ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ಗೆ 10 ಲಕ್ಷ ಯೂರೊ ಕೊಟ್ಟಿತು. ಮನಸ್ಸಿದ್ದರೆ ಕೊಡಬಹುದು ಎಂಬುದಕ್ಕೆ ಈ ಎರಡೇ ಸಾಕು. ಝೆರೋಧಾಗಿಂತ ಎಷ್ಟೋ ಪಟ್ಟು ದೊಡ್ಡ ವಹಿವಾಟಿನ ಕಂಪನಿಗಳು ಇದೇ ನಗರದಲ್ಲಿವೆ. ಅವುಗಳ ಸಾಮಾಜಿಕ ಹೊಣೆಗಾರಿಕೆಯ ವರದಿಗಳಲ್ಲಿ ಈ ಬಾಬ್ತಿಗೆ ಒಂದು ಸಾಲು ಕಡ್ಡಾಯವಾಗಬೇಕು.

ಸರ್ಕಾರದ ಹೊಣೆ ಇನ್ನೂ ದೊಡ್ಡದು. ಟೆಂಡರುಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಮಾಡಿತು. ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಿಗೆ ತನ್ನದೇ ಲಿನಕ್ಸ್ ಆವೃತ್ತಿ ರೂಪಿಸಿ, ಶಿಕ್ಷಕರಿಗೆ ತರಬೇತಿ ಕೊಟ್ಟು ನಡೆಸುತ್ತಿದೆ. ಕರ್ನಾಟಕದ ಕಚೇರಿಗಳು ಮಾತ್ರ ವಿಂಡೋಸ್‌ಗೆಂದೇ ಮಾಡಿದ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಕ್ಕೆ, ಅದರ ಹಳೆಯ ಫಾಂಟುಗಳಿಗೆ ವರ್ಷಗಟ್ಟಲೆ ಜೋತುಬಿದ್ದವು. ಲಿನಕ್ಸಿನಲ್ಲಿ ಇಂದು ಕನ್ನಡ ಟೈಪ್ ಮಾಡಲು ಆಗುತ್ತಿರುವುದು, ಗುಬ್ಬಿ, ನವಿಲು ಫಾಂಟುಗಳು ಸಿಗುತ್ತಿರುವುದು, ಮೆನುಗಳು ಕನ್ನಡದಲ್ಲಿ ಕಾಣುತ್ತಿರುವುದು ಸ್ವಯಂಸೇವಕರ ದುಡಿಮೆಯಿಂದ. ಬಹುಪಾಲು ಜನ ಅವರ ಹೆಸರನ್ನೂ ಕೇಳಿಲ್ಲ.

ಮುಂದಿನ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ತಂತ್ರಾಂಶ ಖರೀದಿಗೆ ತೆಗೆದಿಡುವ ಹಣದ ನಿಗದಿತ ಪಾಲನ್ನು ಮುಕ್ತ ತಂತ್ರಾಂಶದ ಪಾಲನೆಗೆ ಮೀಸಲಿಡಬೇಕು. ಕನ್ನಡದ ಕೀಲಿಮಣೆ, ಫಾಂಟು, ಅನುವಾದ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಅದರಿಂದ ಸಂಬಳ ಸಿಗಬೇಕು. ಸಾರ್ವಜನಿಕರ ದುಡ್ಡಿನಲ್ಲಿ ಬರೆಸಿದ ಕನ್ನಡ ತಂತ್ರಾಂಶದ ಸೋರ್ಸ್ ಕೋಡ್ ಸಾರ್ವಜನಿಕರಿಗೆ ಮುಕ್ತವಾಗಿ ಸಿಗಬೇಕು. ವಿಂಡೋಸ್ 10 ಇದ್ದ ಸರ್ಕಾರಿ ಶಾಲೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಆದೇಶ ಹೊರಡುವ ಮೊದಲು ಈ ಮೂರೂ ಕೆಲಸಗಳಿಗೆ ಸರ್ಕಾರ ದಿನಾಂಕ ಗೊತ್ತುಮಾಡಿ ವಿಧಾನಸಭೆಯಲ್ಲಿ ಹೇಳಲಿ.