ಬೇಸಗೆಯ ಸಂಚಾರ
2022ನೆಯ ಇಸವಿಯ ವೈಶಾಖದಲ್ಲಿ ಒಲೆ, ಹಾಸಿಗೆ, ನೀರಿನ ಪೀಪಾಯಿಗಳೊಡನೆ ಮನೆಯನ್ನೇ ವ್ಯಾನಿಗೇರಿಸಿ ಕೊರಟಗೆರೆಯ ಮಾರ್ಗವಾಗಿ ಹೊರಟೆವು. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಿಳಿದೆವು. ಶಿರಾ ಬಳಿಯ ಕಗ್ಗಲಡುವಿನಲ್ಲಿ ಊರವರ ಆಶ್ರಯದಲ್ಲಿ ಹುಣಸೆಮರಗಳ ಮೇಲೆ ಗೂಡುಕಟ್ಟಿದ ಬಣ್ಣದ ಕೊಕ್ಕರೆಗಳನ್ನು ಕಂಡು ಮಕ್ಕಳು ಹಿಗ್ಗಿದರು.

ಪಾವಗಡವನ್ನು ಸೇರುವಷ್ಟರಲ್ಲಿ ಪೀಪಾಯಿಗಳು ಬರಿದಾದುವು. ಮಕ್ಕಳ ತುಟಿ ಒಣಗಿತು. ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಬಿಸಿಲೇ ವಿದ್ಯುತ್ತಾಗುವ ಸೀಮೆಯದು. ಕೊಳವೆಬಾವಿಯ ನೀರಿನಲ್ಲಾದರೋ ಫ್ಲೋರೈಡಿನ ದೋಷ. ಗೃಹಿಣಿಯೊಬ್ಬರು ತಾವು ಹೊತ್ತು ತಂದಿದ್ದ ಶುದ್ಧಜಲದಲ್ಲಿ ಅರ್ಧ ಕೊಡವನ್ನು ನಮಗೆ ಸುರಿದರು. ಹಣ ನೀಡಹೋದಾಗ, “ನೀರಿಗೆ ಕಾಸು ಇಸ್ಕೊಳ್ಳೋದುಂಟೇನಮ್ಮ?” ಎಂದರು.

ವಾಚಕರೇ, ಆ ಕಡೆಗೆ ಹೊರಡುವಾಗ ಒಂದು ಪೀಪಾಯಿಯನ್ನು ಹೆಚ್ಚಾಗಿಯೇ ತುಂಬಿಕೊಳ್ಳಿರಿ. ಅಲ್ಲಿಯ ಔದಾರ್ಯವು ದೊಡ್ಡದು, ಕೊಡವು ಚಿಕ್ಕದು.