ಮಧುಚಂದ್ರದ ವೇಳಾಪಟ್ಟಿ

ಹಿಂದಿನ ವಾರ ಅಕ್ಕನ ಮಗ ಮನೆಗೆ ಬಂದಿದ್ದ. ಮಲ್ಲಟದ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯೂ ಆಗಿದ್ದವನಾದ್ದರಿಂದ ನಾಲ್ಕು ಜನರೆದುರು ‘ಸರ್’ ಎಂದೂ, ಕಷ್ಟವಿದ್ದಾಗ ‘ಮಾವ’ ಎಂದೂ ಕರೆಯುವುದು ಅವನ ರೂಢಿ. ಅಂದು ಹೊಸ್ತಿಲಲ್ಲೇ ‘ಮಾವ’ ಎಂದ. ಅವನ ಮಗಳ ಮದುವೆ ನಿಶ್ಚಯವಾಗಿರುವುದು ನಿಮ್ಮಲ್ಲಿ ಅನೇಕರಿಗೆ ತಿಳಿದ ಸಂಗತಿ. ಜೇಬಿನಿಂದ ತೆಗೆದು ನನ್ನ ಮುಂದಿಟ್ಟದ್ದು ಮಾತ್ರ ಲಗ್ನಪತ್ರಿಕೆಯಲ್ಲ, ಟೂರಿನವರೊಬ್ಬರು ಕಳುಹಿಸಿದ್ದ ಎರಡು ಹಾಳೆ. ಇಂಡೊನೇಷ್ಯಾದ ಬಾಲಿ ದ್ವೀಪ, ಆರು ರಾತ್ರಿ ಏಳು ಹಗಲು, ಇಬ್ಬರಿಗೆ ಎರಡು ಲಕ್ಷ ಚಿಲ್ಲರೆ.

“ನೀವೊಂದು ಮಾತು ಹೇಳಿದರ ಆಕಿ ಕೇಳ್ತಾಳ, ಮಾವ. ಹಂಪಿಗೆ ಹೋಗಿ ಬರ್ಲಿ, ಮಂತ್ರಾಲಯಕ್ಕ ಹೋಗಿ ಬರ್ಲಿ. ಅದೇನು ಬಾಲಿ?” ಎಂದ. ಅಲ್ಲಿ ಇಳಿದ ಕೂಡಲೇ ವೀಸಾಕ್ಕೆಂದು ತಲೆಗೆ ಐದು ಲಕ್ಷ ಕಟ್ಟಬೇಕೆಂದು ಓದಿ ಅವನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದನಂತೆ. ಅದು ಅಲ್ಲಿಯ ರುಪಿಯಾ, ನಮ್ಮ ಮೂರು ಸಾವಿರ ರೂಪಾಯಿಯ ಆಸುಪಾಸು ಎಂದು ತಿಳಿಸಿದ ಮೇಲೆ ಒಂದು ತಂಬಿಗೆ ನೀರು ಕುಡಿದ. 2024ರ ಫೆಬ್ರವರಿಯಿಂದ ಅದರ ಮೇಲೆ ಪ್ರವಾಸಿಗಳಿಗೆ ಇನ್ನೂ ಒಂದೂವರೆ ಲಕ್ಷ ರುಪಿಯಾದ ಕರವಿದೆ ಎಂಬುದನ್ನು ನೀರು ಕುಡಿದಾದ ಮೇಲೆಯೇ ಹೇಳಿದೆ.

ಮೊದಲಿಗೆ ನನಗೂ ಅವನ ಮಾತೇ ಸರಿಯೆನ್ನಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಹಾಳೆಗಳನ್ನು ಓದುತ್ತ ಹೋದಂತೆ ನನ್ನ ತಕರಾರು ಬಾಲಿಯ ಮೇಲಿಂದ ಹಾಳೆಯ ಮೇಲೆ ತಿರುಗಿತು. ಮೂರು ದಶಕಗಳ ಕಾಲ ಶಾಲೆಗೆ ವೇಳಾಪಟ್ಟಿ ಬರೆದವನು ನಾನು. ನನ್ನ ಪಟ್ಟಿಯಲ್ಲಿಯೂ ಮಕ್ಕಳಿಗೆ ಎರಡು ವಿರಾಮಗಳಿದ್ದವು. ಇದರಲ್ಲಿ ಅದೂ ಇಲ್ಲ. ಬೆಳಿಗ್ಗೆ ಎಂಟಕ್ಕೆ ಗೈಡು ಬಾಗಿಲಿಗೆ ಬರುತ್ತಾನೆ. ಒಂದು ದೇವಾಲಯಕ್ಕೆ ನಲವತ್ತು ನಿಮಿಷ, ಕಾಫಿ ತೋಟಕ್ಕೆ ಅರ್ಧ ತಾಸು. ತೆಗಲ್ಲಾಲಾಂಗ್ ಎಂಬಲ್ಲಿ ಭತ್ತದ ಗದ್ದೆಗಳ ಮೇಲೆ ಜೋಕಾಲಿಯಾಡುತ್ತ ಫೋಟೋ ತೆಗೆಸಿಕೊಳ್ಳಬೇಕು. (ಪಂಚಮಿಗೆ ಬೇವಿನ ಮರದಲ್ಲಿ ಬಿಟ್ಟಿಯಾಗಿ ಜೀಕಿದ ಹುಡುಗಿ, ಅಲ್ಲಿ ದುಡ್ಡು ಕೊಟ್ಟು ಜೀಕುತ್ತಾಳೆ!) ಸಂಜೆ ಜಿಂಬರಾನ್ ಕಡಲ ತೀರದಲ್ಲಿ ಮೇಣದಬತ್ತಿಯ ಬೆಳಕಿನ ಪ್ರಣಯಭೋಜನ. ಆ ತೀರದ ಹೋಟೆಲುಗಳ ಹೆಸರೆಲ್ಲ ಕೆಂಡದ ಮೇಲೆ ಸುಟ್ಟ ಮೀನಿನಿಂದ ಬಂದದ್ದು. ನಮ್ಮ ಹುಡುಗಿ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಶೇಂಗಾದ ಗೊಜ್ಜು ಸುರಿದ ಗಾಡೊ-ಗಾಡೊ ಎಂಬ ತರಕಾರಿಯ ಊಟ ಅದೇ ನಾಡಿನಲ್ಲಿ ಸಿಗುತ್ತದೆ, ಅದರಲ್ಲಿಯೂ ಸಿಗಡಿ ಸೇರಿಸಿಲ್ಲವೇ ಎಂದು ಕೇಳಿಕೊಂಡು ಉಣ್ಣಬೇಕು. ಇಂಥದನ್ನು ಹಾಳೆ ಹೇಳುವುದಿಲ್ಲ. ಉಣ್ಣುವವರು ಯಾರೆಂದು ಹಾಳೆಗೆ ಗೊತ್ತಿಲ್ಲ.

ಹುಡುಗನ ಮನೆಯವರು ಮಾನ್ವಿ ಕಡೆಯ ಒಕ್ಕಲುತನದವರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು. ಮೇಲಿನವರು ಎರಡು ಬೆಳೆ ತೆಗೆಯುವಾಗ ಕೆಳಗಿನ ನಮ್ಮವರು ಒಂದು ಬೆಳೆಗೆ ನೀರಿಗಾಗಿ ರಸ್ತೆಯಲ್ಲಿ ಕೂರುವುದನ್ನು ಬಾಲ್ಯದಿಂದ ನೋಡಿದ ಹುಡುಗ. ಬಾಲಿಯಲ್ಲಿ ‘ಸುಬಕ್’ ಎಂಬ ವ್ಯವಸ್ಥೆಯಿದೆ. ಒಂದೇ ನೀರಿನ ಮೂಲಕ್ಕೆ ಸೇರಿದ ಗದ್ದೆಯವರೆಲ್ಲ ಒಂದು ಸಂಘವಾಗಿ, ನೀರಿನ ದೇವಾಲಯದಲ್ಲಿ ಕೂಡಿ, ಯಾರು ಯಾವಾಗ ನಾಟಿ ಮಾಡಬೇಕು, ಯಾರಿಗೆ ಎಷ್ಟು ನೀರು ಎಂದು ನಿರ್ಧರಿಸಿಕೊಳ್ಳುತ್ತಾರೆ. ಸಾವಿರ ವರ್ಷಗಳಷ್ಟು ಹಳೆಯ ಏರ್ಪಾಡು. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಗೆ ಸೇರಿಸಿತು. ಜಾತಿಲುವಿಹ್ ಎಂಬಲ್ಲಿ ಆ ಗದ್ದೆಗಳ ನಡುವೆಯೇ ನಡೆದಾಡಬಹುದು. ಕಾಲುವೆಯ ಕೊನೆಭಾಗದ ಮಗ ಹೊಸ ಹೆಂಡತಿಗೆ ತೋರಿಸಿ ಮಾತಾಡಬೇಕಾದ ಜಾಗ ಅದು. ಹಾಳೆಯಲ್ಲಿ ಜೋಕಾಲಿಯಿತ್ತು, ಜಾತಿಲುವಿಹ್ ಇರಲಿಲ್ಲ.

ನಮ್ಮ ಮದುವೆಯಾದದ್ದು 1974ರ ವೈಶಾಖದಲ್ಲಿ. ಮಧುಚಂದ್ರವೆಂಬ ಪದ ಕಥೆ ಕಾದಂಬರಿಗಳಲ್ಲಿತ್ತು, ಮನೆಯಲ್ಲಿರಲಿಲ್ಲ. ಹಂಪಿಗೆ ಹೋದೆವು, ಜೊತೆಗೆ ಅತ್ತೆ, ಅಕ್ಕ, ಮಕ್ಕಳು ಸೇರಿ ಒಂಬತ್ತು ಜನ. ಬುತ್ತಿಯ ಗಂಟುಗಳೇ ನಾಲ್ಕು. ತಳವಾರ ಘಟ್ಟದಲ್ಲಿ ಆನೆಗೊಂದಿಗೆ ದಾಟುವಾಗ ಹರಿಗೋಲಿನವನು, ಎಲ್ಲರೂ ಒಮ್ಮೆಗೆ ಬೇಡವೆಂದು ನಮ್ಮಿಬ್ಬರನ್ನು ದಂಡೆಯಲ್ಲೇ ಬಿಟ್ಟುಹೋದ. ಅವನು ಮರಳುವವರೆಗಿನ ಅರ್ಧ ತಾಸೇ ನಮ್ಮ ಮಧುಚಂದ್ರ. ಆ ಅರ್ಧ ತಾಸಿನಲ್ಲಿ ನನ್ನ ಮಡದಿ, ಬಂಡೆಯ ಮೇಲೆ ಕುಳಿತು ನೀರನ್ನೇ ನೋಡುತ್ತ, ತನ್ನನ್ನು ಒಂಬತ್ತನೆಯ ತರಗತಿಗೇ ಶಾಲೆ ಬಿಡಿಸಿದ್ದನ್ನು ಹೇಳಿದಳು. ಮುಂದೆ ಅವಳು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ತೇರ್ಗಡೆಯಾದದ್ದು, ನಿಮ್ಮಲ್ಲಿ ಹಲವರ ಮಕ್ಕಳಿಗೆ ಬಾಲವಾಡಿಯಲ್ಲಿ ಅಕ್ಷರ ತಿದ್ದಿಸಿದ್ದು ಎಲ್ಲವೂ ಆ ದಂಡೆಯಿಂದ ಹೊರಟದ್ದು. ಹರಿಗೋಲು ಇನ್ನಷ್ಟು ದೊಡ್ಡದಿದ್ದಿದ್ದರೆ ಅವಳು ಯಾವಾಗ ಹೇಳುತ್ತಿದ್ದಳೋ, ಹೇಳುತ್ತಿದ್ದಳೋ ಇಲ್ಲವೋ.

ಆದ್ದರಿಂದ ಹೊರದೇಶಕ್ಕೆ ಹೋಗುವುದನ್ನು ನಾನು ಆಕ್ಷೇಪಿಸಲಾರೆ. ಒಂಬತ್ತು ಜನರ ಕಣ್ಣಿನಿಂದ ದೂರವಾಗಲು ಹುಡುಗರು ಸಮುದ್ರ ದಾಟುತ್ತೇವೆಂದರೆ ಅದು ನನಗೆ ಅರ್ಥವಾಗುತ್ತದೆ. ಆದರೆ ಒಂಬತ್ತು ಜನರ ಜಾಗಕ್ಕೆ ಗೈಡನ್ನೂ ಡ್ರೈವರನ್ನೂ ಫೋಟೋಗ್ರಾಫರನ್ನೂ ಕೂರಿಸಿಕೊಂಡರೆ ಗಳಿಸಿದ್ದೇನು? ಬಾಲಿಯಲ್ಲಿ ನಮ್ಮಂತೆಯೇ ಶಕವರ್ಷದ ಎಣಿಕೆಯಿದೆ. ಅವರ ಹೊಸವರ್ಷದ ದಿನ ‘ನ್ಯೇಪಿ’. ಅಂದು ದೀಪವಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ. ವಿಮಾನ ನಿಲ್ದಾಣವೂ ಇಡೀ ದಿನ ಮುಚ್ಚಿರುತ್ತದೆ, ಪ್ರವಾಸಿಗಳೂ ಹೋಟೆಲಿನಿಂದ ಹೊರಬೀಳುವಂತಿಲ್ಲ. 2026ರಲ್ಲಿ ನ್ಯೇಪಿಯೂ ನಮ್ಮ ಯುಗಾದಿಯೂ ಮಾರ್ಚ್ 19ರಂದೇ. ತಿಳಿದವರು ಆ ದಿನವನ್ನು ತಪ್ಪಿಸಿ ಹೋಗಿರೆನ್ನುತ್ತಾರೆ. ನನ್ನನ್ನು ಕೇಳಿದರೆ ನವದಂಪತಿಗಳಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಇಷ್ಟಾದ ಮೇಲೆ ಅಳಿಯನನ್ನು ಕೇಳಿದೆ: “ದುಡ್ಡು ಯಾರದಪ್ಪಾ?” ಅವನು ನೆಲ ನೋಡಿದ. ಹುಡುಗನ ಅಣ್ಣ ಮಾತಿನ ನಡುವೆ, “ಇಬ್ಬರನ್ನೂ ಎಲ್ಲಿಗಾದರೂ ಚಲೋ ಕಡೆ ಕಳಿಸಿಕೊಡ್ರಿ” ಎಂದಿದ್ದನಂತೆ. ಅಡತಿ ಅಂಗಡಿಯಲ್ಲಿ ಮುಂದಿನ ಭತ್ತದ ಮೇಲೆ ಸಾಲಕ್ಕೆ ಮಾತಾಡಿಯೂ ಆಗಿತ್ತು.

ಇಲ್ಲಿ ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಈಗ ಬಾಯಿಬಿಟ್ಟು ಯಾರೂ ವರದಕ್ಷಿಣೆ ಕೇಳುವುದಿಲ್ಲ. ಹಿಂದೆ ಸೈಕಲ್ಲು, ಆಮೇಲೆ ಬೈಕು, ಈಗ ವಿಮಾನದ ಟಿಕೆಟ್ಟು. 1961ರ ಕಾಯ್ದೆ, ಮದುವೆಯ ಸಂಬಂಧವಾಗಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಮೊದಲಾಗಲಿ ಆಮೇಲಾಗಲಿ ಕೊಡುವ ಬೆಲೆಬಾಳುವ ವಸ್ತುವನ್ನು ವರದಕ್ಷಿಣೆಯೆಂದೇ ಕರೆಯುತ್ತದೆ. ಕೇಳದೆ ಕೊಟ್ಟ ಉಡುಗೊರೆಗೆ ವಿನಾಯಿತಿಯಿದೆ, ನಿಜ. ಆದರೆ ‘ಕಳಿಸಿಕೊಡ್ರಿ’ ಎಂಬುದು ಕೇಳದೆ ಇದ್ದಂತೆ ಹೇಗಾದೀತು? ನಾನು ವ್ಯಾಕರಣ ಕಲಿಸಿದವನು, ಅದು ವಿಧ್ಯರ್ಥ.

ಅವನೆದುರಿಗೇ ಬೆಂಗಳೂರಿಗೆ ಫೋನು ಹಚ್ಚಿದೆ. ಹುಡುಗಿ ಒಂದು ಗಳಿಗೆ ಸುಮ್ಮನಿದ್ದಳು. “ತಾತ, ದುಡ್ಡು ಅಪ್ಪ ಕೊಡ್ತಾನಂತ ನನಗ ಗೊತ್ತೇ ಇದ್ದಿಲ್ಲ” ಎಂದಳು. ಹುಡುಗನಿಗೂ ತಿಳಿದಿರಲಿಕ್ಕಿಲ್ಲವೆಂದು ಅವಳ ನಂಬಿಕೆ. ಇಬ್ಬರೂ ಸಂಬಳ ತರುವವರು. “ಕೇಳು” ಎಂದೆ, “ಮದುವೆಗೆ ಮೊದಲೇ ಕೇಳು. ಬಾಲಿಯಲ್ಲಿ ಕೇಳುವ ಮಾತಲ್ಲ ಇದು. ನಿಮ್ಮ ದುಡ್ಡಿನಲ್ಲಿ ನಾಲ್ಕು ದಿನ ಸಾಕಾದರೆ ನಾಲ್ಕೇ ದಿನ. ಪಟ್ಟಿ ನೀವಿಬ್ಬರೇ ಬರೆಯಿರಿ. ಗೈಡು ಬೇಕಾದ ದಿನ ಕರೆಸಿಕೊಳ್ಳಿರಿ, ಬೇಡವಾದ ದಿನ ಬೇಡ.” ಪಾಸ್‌ಪೋರ್ಟಿನಲ್ಲಿ ತನ್ನ ಹೆಸರನ್ನು ಬದಲಿಸಬೇಕೇ ಎಂದು ಕೇಳಿದಳು. ಕಡ್ಡಾಯವಿಲ್ಲ, ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಿದರಾಯಿತು ಎಂದೆ. ತಂದೆಯ ಹೆಸರು ಹಾಗೆಯೇ ಇರಲಿ ಎಂದಳು.

ಅಳಿಯ ಎರಡೂ ಹಾಳೆಗಳನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಾನೆ. ಅಡತಿ ಅಂಗಡಿಗೆ ಇನ್ನೂ ಹೋಗಿಲ್ಲ. ಹುಡುಗನ ಮನೆಯಿಂದ ಇದುವರೆಗೆ ಸುದ್ದಿಯಿಲ್ಲ.