ನರಗುಂದ ಮುಂದೋ, ಗಜೇಂದ್ರಗಡ ಮುಂದೋ? ಎರಡೂ ಪ್ಯಾಟಿಗೆ ಬಸ್ಸೇ ಬಲ, ಬಸ್ಸೇ ಭಯ

ನರಗುಂದ / ಗಜೇಂದ್ರಗಡ: ಜಿಲ್ಲೆಯ ಉತ್ತರ ಭಾಗದಲ್ಲಿ ದೊಡ್ಡ ಪ್ಯಾಟಿ ಯಾವುದು ಅನ್ನೋ ವಾದ ಚಹಾದಂಗಡಿಗಳಲ್ಲಿ ಇವತ್ತಿಗೂ ಮುಗಿದಿಲ್ಲ. ನರಗುಂದದವರು ಹೆದ್ದಾರಿ ತೋರಿಸ್ತಾರ. ಗಜೇಂದ್ರಗಡದವರು ಸಂತಿ ದಿನದ ಗದ್ದಲ ತೋರಿಸ್ತಾರ. ನಡುವೆ ಇರೋ ರೋಣದವರು ಎರಡೂ ಕಡೆ ಮಾತು ಕೇಳಿ, ತಾಲ್ಲೂಕು ಅಂದ್ರ ಹಳೇ ಕಾಲದಿಂದ ನಮ್ಮದೇ ಅಂತ ಸುಮ್ಮನಾಗ್ತಾರ.

ಎರಡೂ ಪುರಸಭೆ ಊರುಗಳು. ಎರಡೂ 2011ರ ಜನಗಣತಿ ಹೊತ್ತಿಗೇ 30 ಸಾವಿರ ಜನಸಂಖ್ಯೆ ದಾಟಿದ್ದವು. ಎರಡರಲ್ಲೂ ಗುಡ್ಡ ಐತಿ, ಗುಡ್ಡದ ಮ್ಯಾಲೆ ಕೋಟಿ ಐತಿ, ಕೆಳಗೆ ಪ್ಯಾಟಿ ಐತಿ. ಹೀಗಾಗಿ ಹೋಲಿಕೆ ಸಹಜ. ಆದರೆ ವ್ಯಾಪಾರದ ಲೆಕ್ಕದಲ್ಲಿ ಈ ಎರಡು ಊರು ಒಂದಕ್ಕೊಂದು ಎದುರಾಳಿ ಅಲ್ಲವೇ ಅಲ್ಲ. ರೋಣದ ಮ್ಯಾಲೆ ಹಾದು ಹೋದರೆ ಒಂದರಿಂದ ಇನ್ನೊಂದಕ್ಕೆ 70 ಕಿ.ಮೀ. ಮೇಲೆ ಆಗುತ್ತದೆ. ನರಗುಂದದ ಹೆಣ್ಣುಮಗಳು ಮದುವಿ ಸೀರೆ ತರಾಕ ಗಜೇಂದ್ರಗಡಕ್ಕೆ ಹೋಗೋದಿಲ್ಲ, ಹುಬ್ಬಳ್ಳಿಗೆ ಹೋಗ್ತಾಳ. ಗಜೇಂದ್ರಗಡದವರು ನರಗುಂದದ ಕಡೆ ಮುಖ ಹಾಕೋದೇ ಅಪರೂಪ, ಅವರಿಗೆ ಗದಗ. ಅಂದರೆ ಎರಡೂ ಪ್ಯಾಟಿಗಳ ಪೈಪೋಟಿ ತಮ್ಮ ಪಕ್ಕದ ದೊಡ್ಡ ಊರಿನ ಜೊತೆ. ಈ ಪೈಪೋಟಿಯಲ್ಲಿ ಯಾವುದು ಎಷ್ಟು ದಿನ ತಾಳುತ್ತದೆ ಅನ್ನೋದೇ ನಿಜವಾದ ಪ್ರಶ್ನೆ.

ಹೆದ್ದಾರಿ ಕೊಟ್ಟದ್ದು, ಹೆದ್ದಾರಿ ಒಯ್ದದ್ದು

ನರಗುಂದ ಹುಬ್ಬಳ್ಳಿ–ವಿಜಯಪುರ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಹುಬ್ಬಳ್ಳಿಗೆ ಸುಮಾರು 55 ಕಿ.ಮೀ., ನಡುವೆ ನವಲಗುಂದ. ಉತ್ತರಕ್ಕೆ ಕೊಣ್ಣೂರು, ಕುಳಗೇರಿ ಕ್ರಾಸ್ ದಾಟಿದರೆ ಬಾಗಲಕೋಟೆ, ವಿಜಯಪುರದ ದಾರಿ. ಸವದತ್ತಿ, ರಾಮದುರ್ಗ, ಗದಗ, ರೋಣ ಹೀಗೆ ನಾಲ್ಕೂ ದಿಕ್ಕಿಗೆ ರಸ್ತೆ. ಊರಿನ ಡಿಪೋ ಬಸ್ ತಪ್ಪಿದರೂ ಹಾದು ಹೋಗೋ ದೂರದ ಬಸ್ ಸಿಗುತ್ತದೆ. ರೋಣದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಈ ಸವಲತ್ತು ಇಲ್ಲ. ಅಲ್ಲಿ ಬಸ್ ತಪ್ಪಿದರೆ ತಪ್ಪಿದಂಗೇ.

ಆದರೆ ಹುಬ್ಬಳ್ಳಿ ಇಷ್ಟು ಸಮೀಪ ಇರೋದೇ ನರಗುಂದದ ಬಟ್ಟೆ, ಬಂಗಾರ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೊಡೆತ. ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೋದವರು ಸಂಜೆ ದೀಪ ಹಚ್ಚೋದ್ರೊಳಗ ಚೀಲ ತುಂಬಿಕೊಂಡು ವಾಪಸ್. ಅಲ್ಲಿ ಇಳಿದರೆ ಧಾರವಾಡದವರೆಗೂ ಚಿಗರಿ ಬಸ್ ಐತಿ, 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆ ಆದದ್ದು. (ಹುಬ್ಬಳ್ಳಿಯಾಗ ತಗೊಂಡ ಸೀರಿ ಅಂದ್ರ ಮನಿಯೊಳಗ ಅದರ ಮಾನನ ಬ್ಯಾರೆ. ಅದೇ ಸೀರಿ ನರಗುಂದದಾಗ ಸಿಕ್ಕರೂ ಲೆಕ್ಕಕ್ಕಿಲ್ಲ.) ಹೀಗಾಗಿ ನರಗುಂದದಲ್ಲಿ ಗಟ್ಟಿಯಾಗಿ ನಿಂತಿರೋದು ಹುಬ್ಬಳ್ಳಿಯಿಂದ ಹೊತ್ತು ತರಲಾಗದ ವ್ಯಾಪಾರ: ಗೊಬ್ಬರ, ಬೀಜ, ಔಷಧಿ, ಟ್ರ್ಯಾಕ್ಟರ್ ಸಾಮಾನು, ಕಿರಾಣಿ, ಖಾನಾವಳಿ. ಎರಿ ಹೊಲಕ್ಕೆ ಮಲಪ್ರಭೆಯ ಕಾಲುವೆ ನೀರು ಬಂದರೆ ಈ ಅಂಗಡಿಗಳು ನಗುತ್ತವೆ, ಬರದಿದ್ದರೆ ಉದ್ರಿ ಪುಸ್ತಕ ದಪ್ಪ ಆಗುತ್ತದೆ.

ಹೆದ್ದಾರಿ ಊರೊಳಗೇ ಇರೋದಕ್ಕೆ ಇನ್ನೊಂದು ಮುಖ ಇದೆ. ನರಗುಂದದಲ್ಲಿ ರಸ್ತೆ ತಡೆದರೆ ಎರಡು ದೊಡ್ಡ ಊರುಗಳ ಸಂಚಾರ ನಿಲ್ಲುತ್ತದೆ, ಸುದ್ದಿ ಬೆಂಗಳೂರಿಗೆ ಮುಟ್ಟುತ್ತದೆ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ರೈತರು ಎದ್ದದ್ದು, ಗೋಲಿಬಾರ್ ಆದದ್ದು, ಅದು ಮುಂದೆ ರಾಜ್ಯದ ರೈತ ಚಳವಳಿಗೇ ನಾಂದಿ ಆದದ್ದು ಎಲ್ಲರಿಗೂ ಗೊತ್ತು. 2015ರ ಜುಲೈನಲ್ಲಿ ಮಹದಾಯಿ, ಕಳಸಾ-ಬಂಡೂರಿ ಧರಣಿ ಶುರುವಾದ್ದೂ ಇಲ್ಲೇ. 2016ರ ಜುಲೈನಲ್ಲಿ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಿರಸ್ಕರಿಸಿದಾಗ ಈ ಭಾಗದ ಪ್ಯಾಟಿಗಳು ಬಾಗಿಲು ಹಾಕಿದವು. 2018ರ ತೀರ್ಪಿನಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿಕೆ ಆಯಿತು. ಹೋರಾಟಕ್ಕೆ ಅಂಗಡಿಕಾರರು ವಿರೋಧ ಇಲ್ಲ, ಯಾಕಂದರೆ ರೈತನ ಕೈಯಾಗ ರೊಕ್ಕ ಇದ್ದರೇ ಗಲ್ಲೆಗೆ ರೊಕ್ಕ. ಆದರೆ ಬಂದ್ ದಿನದ ಬಾಡಿಗಿ ಯಾರೂ ಬಿಡೋದಿಲ್ಲ ಅನ್ನೋದೂ ಖರೆ.

ಇದೇ ಹೆದ್ದಾರಿಗೆ ಮಲಪ್ರಭೆಯ ಕಾಟವೂ ಉಂಟು. 2019ರ ಆಗಸ್ಟ್ ಪ್ರವಾಹದಲ್ಲಿ ಕೊಣ್ಣೂರಿನ ಹತ್ತಿರ ಸಂಚಾರ ಕಡಿದಾಗ, ನಾಲ್ಕು ದಿಕ್ಕಿನ ಊರು ಅನ್ನಿಸಿಕೊಂಡ ನರಗುಂದ ಉತ್ತರ ದಿಕ್ಕನ್ನೇ ಕಳಕೊಂಡಿತ್ತು.

ಗಜೇಂದ್ರಗಡಕ್ಕೆ ದೂರವೇ ಕಾಂಪೌಂಡ್

ಗಜೇಂದ್ರಗಡದ ಕಥೆ ಇದಕ್ಕೆ ಉಲ್ಟಾ. ಗದಗ ಸುಮಾರು 55 ಕಿ.ಮೀ., ಹುಬ್ಬಳ್ಳಿ ಅಂದರೆ ಅದರ ದುಪ್ಪಟ್ಟು. ಊರು ನಿಂತಿರೋದು ಜಿಲ್ಲೆಯ ಮೂಲೆಯಲ್ಲಿ. ಒಂದು ಕಡೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಸೀಮೆ, ಇನ್ನೊಂದು ಕಡೆ ಬಾಗಲಕೋಟೆ ಜಿಲ್ಲೆಯ ಬಾದಾಮಿ ಸೀಮೆ. ನಕ್ಷೆಯಲ್ಲಿ ನೋಡಿದರೆ ಮೂಲೆ, ವ್ಯಾಪಾರದಲ್ಲಿ ನೋಡಿದರೆ ಮೂರು ಜಿಲ್ಲೆಯ ನಡು. ಆ ಕಡೆಯ ಹಳ್ಳಿಗಳಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಗಜೇಂದ್ರಗಡ ಹತ್ತಿರ. ಹೀಗಾಗಿ ಕಾಲಕಾಲೇಶ್ವರ ವೃತ್ತದಿಂದ ಜೋಡು ರಸ್ತೆವರೆಗೆ ಇರೋ ಪ್ಯಾಟಿ ಊರಿನ ಜನಸಂಖ್ಯೆಗಿಂತ ದೊಡ್ಡದು. ಹೊಸ ತಾಲ್ಲೂಕು ಅಂತ ಘೋಷಣೆ ಆದದ್ದು 2013ರಲ್ಲಿ, ತಹಶೀಲ್ದಾರ್ ಕಚೇರಿ ಕೆಲಸ ಶುರುವಾದ್ದು 2018ರಲ್ಲಿ. ಪ್ಯಾಟಿ ಮಾತ್ರ ಅದಕ್ಕೂ ಎಷ್ಟೋ ಮೊದಲೇ ತಾಲ್ಲೂಕಿನಂಗ ನಡೀತಿತ್ತು.

ಇಲ್ಲಿಯ ಅಂಗಡಿಗಳನ್ನು ಉಳಿಸಿದ್ದು ದೂರ. ಒಂದು ದಿನದ ಕೂಲಿ ಬಿಟ್ಟು, ಟಿಕೆಟ್ ಕೊಟ್ಟು ಗದಗಕ್ಕೆ ಹೋಗೋದಕ್ಕಿಂತ ನೂರು ರೂಪಾಯಿ ಹೆಚ್ಚಾದರೂ ಇಲ್ಲೇ ತಗೊಳ್ಳೋಣ ಅನ್ನೋ ಲೆಕ್ಕ. ಆ ಲೆಕ್ಕದ ಅರ್ಧ ಭಾಗ 2023ರ ಜೂನ್ 11ರಂದು ಕುಸಿಯಿತು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಶೂನ್ಯ. ಮನೆಯ ಬಟ್ಟೆ, ಪಾತ್ರೆ, ಕಿವಿಯೋಲೆ ಖರೀದಿ ಮಾಡೋರು ಅವರೇ. ನರಗುಂದದಲ್ಲಿ ಜನ ಮೊದಲಿಂದಲೇ ಹುಬ್ಬಳ್ಳಿಗೆ ಹೋಗ್ತಿದ್ದರು, ಹೀಗಾಗಿ ಅಲ್ಲಿ ಇದು ಹಳೆಯ ಗಾಯ. ಗಜೇಂದ್ರಗಡಕ್ಕೆ ಇದು ಹೊಸದು. ಯೋಜನೆ ಬೇಡ ಅನ್ನೋ ಮಾತಿಗೆ ಅರ್ಥ ಇಲ್ಲ. ಅದೇ ಬಸ್ಸಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಸಂತಿಗೂ ಬರ್ತಾರ, ಕಾಲೇಜಿಗೂ ಬರ್ತಾರ, ದವಾಖಾನಿಗೂ ಬರ್ತಾರ. ಬಸ್ಸು ಎರಡೂ ಕಡೆ ಓಡುತ್ತದೆ. ಪ್ಯಾಟಿ ನೋಡಬೇಕಾದ್ದು, ಆ ಬಸ್ಸಿನಿಂದ ಇಳಿದವರು ಇಲ್ಲಿ ಎಷ್ಟು ಹೊತ್ತು ನಿಲ್ತಾರ ಅನ್ನೋದನ್ನು.

ಕಾಂಪೌಂಡಿನ ಇನ್ನೊಂದು ಗೋಡೆಯೂ ಈಗ ತೆರೆದಿದೆ. 2025ರ ಮೇ 15ರಂದು ಹುಬ್ಬಳ್ಳಿ–ಕುಷ್ಟಗಿ ರೈಲು ಶುರುವಾಯಿತು. ಗದಗ–ವಾಡಿ ಹೊಸ ಮಾರ್ಗದ ತಳಕಲ್–ಕುಷ್ಟಗಿ ಭಾಗ ಅದು. ಕುಕನೂರು, ಯಲಬುರ್ಗಾ ಮೇಲೆ ಹೋಗುತ್ತದೆ, ಗಜೇಂದ್ರಗಡ ಪಕ್ಕಕ್ಕೆ ಉಳಿಯಿತು. ಕುಷ್ಟಗಿ ಇಲ್ಲಿಂದ 30 ಕಿ.ಮೀ. ಒಳಗೆ, ಯಲಬುರ್ಗಾ ಇನ್ನೂ ಹತ್ತಿರ. ಇಷ್ಟು ದಿನ ಗಜೇಂದ್ರಗಡದ ಗಿರಾಕಿ ಆಗಿದ್ದ ಆ ಭಾಗದ ಹಳ್ಳಿಯವರು ಇನ್ನು ಸ್ಟೇಷನ್ ಕಡೆ ತಿರುಗಿದರೆ ಆಶ್ಚರ್ಯ ಇಲ್ಲ. ರೈಲು ಬಂದ ಊರಿನ ಸುತ್ತ ಲಾಡ್ಜು, ಗೋದಾಮು, ಹೋಲ್‌ಸೇಲ್ ಅಂಗಡಿ ತಾನಾಗಿ ಬೆಳೀತಾವ. ಗದಗ ಪ್ಯಾಟಿ ಬೆಳೆದದ್ದೂ ಜಂಕ್ಷನ್ ಇದ್ದುದಕ್ಕೇ.

ರೈಲಿನ ವಿಷಯದಲ್ಲಿ ನರಗುಂದವೂ ಬರಿಗೈ. ರೋಣ ತಾಲ್ಲೂಕಿಗೆ ಗದಗ–ಹೋಟಗಿ ಮಾರ್ಗದಲ್ಲಿ ಮಲ್ಲಾಪುರ, ಹೊಳೆಆಲೂರು ಸ್ಟೇಷನ್ ಇವೆ, ಆದರೆ ರೋಣ ಪಟ್ಟಣಕ್ಕೆ ಹಳಿ ಇಲ್ಲ. ಇಲ್ಲಿ ರಾಜಕೀಯದ ಒಂದು ಗಂಟು ಇದೆ, ಅಷ್ಟಾಗಿ ಯಾರೂ ಮಾತಾಡೋದಿಲ್ಲ. ನರಗುಂದ ವಿಧಾನಸಭಾ ಕ್ಷೇತ್ರ ಬಾಗಲಕೋಟೆ ಲೋಕಸಭೆಗೆ ಸೇರುತ್ತದೆ. ರೋಣ ಕ್ಷೇತ್ರ, ಅದರೊಳಗಿನ ಗಜೇಂದ್ರಗಡ, ಹಾವೇರಿ ಲೋಕಸಭೆಗೆ. ರೈಲು ಕೇಳಬೇಕಾದ್ದು ಸಂಸದರನ್ನು. ಒಂದೇ ಜಿಲ್ಲೆಯ ಎರಡು ಊರು ಇಬ್ಬರು ಬೇರೆ ಬೇರೆ ಸಂಸದರ ಹತ್ತಿರ, ಅವರ ಕ್ಷೇತ್ರದ ಅಂಚಿನಲ್ಲಿ ನಿಂತು ಕೇಳಬೇಕು.

ನೋಡೋಕೆ ಏನೈತಿ?

ಇತಿಹಾಸದಲ್ಲಿ ಎರಡೂ ಊರು ಬಡವಲ್ಲ. ನರಗುಂದದ ಬಾಬಾಸಾಹೇಬ್ ಭಾಸ್ಕರರಾವ್ ಭಾವೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತ್ಯೆಯಾಗಿ, ಕೊನೆಗೆ ಬೆಳಗಾವಿಯಲ್ಲಿ ಗಲ್ಲಿಗೇರಿದರು. ಗಜೇಂದ್ರಗಡದ ಹೆಸರಿನಲ್ಲೇ ಮರಾಠರಿಗೂ ಟಿಪ್ಪುವಿಗೂ 1787ರಲ್ಲಿ ಒಪ್ಪಂದ ಆಗಿದೆ. ಘೋರ್ಪಡೆಯವರ ಕೋಟೆ, ಗುಡ್ಡದ ಮಗ್ಗುಲಿಗೆ ಕಾಲಕಾಲೇಶ್ವರ, ಅಲ್ಲಿಯ ಅಂತರಗಂಗೆ, ಅತ್ತ ರೋಣದ ದಾರಿಗೆ ಸೂಡಿಯ ಜೋಡು ಕಳಸದ ಗುಡಿ ಮತ್ತು ನಾಗಕುಂಡ.

ಈ ವಿಷಯದಲ್ಲಿ ಗಜೇಂದ್ರಗಡ ಒಂದು ಕೈ ಮೇಲು. ನರಗುಂದದ ಗುಡ್ಡಕ್ಕೆ ಬರೋರು ಹೆಚ್ಚಾಗಿ ಊರವರೇ. ಕಾಲಕಾಲೇಶ್ವರನಿಗೆ ಹೊರ ಜಿಲ್ಲೆಯ ಭಕ್ತರು ಬರ್ತಾರ. ಆದರೆ ಬಂದವರು ಗುಡಿಯಿಂದ ನೇರ ವಾಹನ ಹತ್ತಿ ಹೋಗ್ತಾರ, ಪ್ಯಾಟಿಗೆ ಇಳಿಯೋದು ಕಡಿಮೆ. ಬಾದಾಮಿ, ಪಟ್ಟದಕಲ್ಲಿಗೆ ದೇಶ ವಿದೇಶದಿಂದ ಬರೋರು ಒಂದು ತಾಸಿನ ದಾರಿಯಲ್ಲಿರೋ ಈ ಊರಿನ ಹೆಸರೂ ಕೇಳದೆ ವಾಪಸ್ ಹೋಗ್ತಾರ. ಗಜೇಂದ್ರಗಡದ ಕೈಮಗ್ಗದ ಪಟ್ಟೇದ ಅಂಚು ಸೀರೆ ಮಹಾನಗರಗಳಲ್ಲಿ ಹೆಸರು ಮಾಡಿದೆ. ಅಲ್ಲಿ ಅದನ್ನು ಹುಡುಕಿಕೊಂಡು ಕೊಳ್ಳೋರಿದ್ದಾರ. ನೇಯ್ದ ಊರಿನ ಬಸ್ ನಿಲ್ದಾಣದ ಎದುರಿಗೇ ಪುರಸಭೆ ಆ ಸೀರೆಗೆ ನಾಲ್ಕು ಮಳಿಗೆ ಮೀಸಲಿಟ್ಟರೆ ಕೋಟೆ ನೋಡಾಕ ಬಂದವರು ಗಂಟೆ ಹೊತ್ತು ಹೆಚ್ಚು ನಿಲ್ಲಬಹುದು.

ಬದುಕು ಎಲ್ಲಿ ಹಗುರ?

ಅಂಗಡಿ ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಲೆಕ್ಕ ಬೇರೆ. ನರಗುಂದದ ಹಳೇ ಓಣಿಗಳಲ್ಲಿ ನೆಲವೇ ನಂಬಿಕೆಗೆ ಇಲ್ಲ. ಹಿಂದಿನವರು ಜೋಳ ತುಂಬಿಡಲು ಮನೆಯೊಳಗೇ, ಮನೆ ಮುಂದೇ ತೋಡಿದ ಹಗೇವುಗಳು ಈಗ ಬರಿದು. ಕಾಲುವೆ ನೀರಾವರಿಯ ನಂತರ ಅಂತರ್ಜಲ ಮೇಲೆ ಬಂದು, ಕೆಳಗಿನ ಮಣ್ಣು ಸಡಿಲಾಗಿ, ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಗುಂಡಿ ಬೀಳುತ್ತದೆ. 2019ರ ಸುಮಾರಿಗೆ ಇಂಥ ಭೂಕುಸಿತ ಸಾಲುಸಾಲಾಗಿ ಆಗಿ ಊರೆಲ್ಲ ನಿದ್ದೆಗೆಟ್ಟಿತ್ತು. ಮೇಲೆ ಎಷ್ಟೇ ಕಾಂಕ್ರೀಟ್ ರಸ್ತೆ ಹಾಕಿದರೂ ಕೆಳಗೆ ಎಲ್ಲಿ ಹಗೇವು ಐತಿ ಅನ್ನೋ ನಕ್ಷೆ ಇಲ್ಲದೆ ಪ್ರಯೋಜನ ಇಲ್ಲ. ಹಳೇ ಮಂದಿಗೆ ಯಾವ ಮನೆಯಲ್ಲಿ ಎಷ್ಟು ಹಗೇವು ಇತ್ತು ಅನ್ನೋದು ನೆನಪೈತಿ. ಅವರು ಇರೋದ್ರೊಳಗೇ ಕೇಳಿ ಬರಕೊಳ್ಳಬೇಕು.

ಗಜೇಂದ್ರಗಡದಲ್ಲಿ ನೆಲ ಗಟ್ಟಿ, ನೀರು ಕಮ್ಮಿ. ರೋಣ, ನರೇಗಲ್, ಗಜೇಂದ್ರಗಡ ಮೂರೂ ಕುಡಿಯೋ ನೀರಿಗೆ ಜಿಗಳೂರು ಕೆರೆ ಕಡೆ ನೋಡ್ತಾವ. ಬ್ಯಾಸಿಗಿಯಲ್ಲಿ ನಳ ಬರೋ ದಿನದ ಮೇಲೆ ಇಡೀ ಮನೆಯ ಕೆಲಸ ನಿಂತಿರುತ್ತದೆ. ಬಾಡಿಗೆ ಮನೆ ಹುಡುಕೋರು ಇಲ್ಲಿ ಮೊದಲು ಕೇಳೋದು ರೂಮು ಎಷ್ಟು ಅಂತಲ್ಲ, ಟಾಕಿ ಎಷ್ಟು ದೊಡ್ಡದು ಅಂತ.

ರಾತ್ರಿ ಹೊತ್ತು ಎದೆನೋವು ಬಂದರೆ ವ್ಯತ್ಯಾಸ ಎದ್ದು ಕಾಣುತ್ತದೆ. ನರಗುಂದದವರಿಗೆ ಹುಬ್ಬಳ್ಳಿಯ ಕಿಮ್ಸ್, ಗದಗದ ಜಿಮ್ಸ್ ಎರಡೂ ಹೆಚ್ಚೂಕಡಿಮೆ ಒಂದೇ ದೂರ, ಮೇಲೆ ಹೆದ್ದಾರಿ. ಗಜೇಂದ್ರಗಡದವರು ನರೇಗಲ್ ಮೇಲೆ ಗದಗ ಮುಟ್ಟಬೇಕು, ಅಲ್ಲಿ ಆಗದಿದ್ದರೆ ಮತ್ತೆ ಅಷ್ಟೇ ದೂರ ಹುಬ್ಬಳ್ಳಿ. ವಯಸ್ಸಾದ ತಂದೆ-ತಾಯಿ ಮನೆಯಲ್ಲಿದ್ದವರು ವಾಸಕ್ಕೆ ನರಗುಂದ ಆರಿಸಿದರೆ ತಪ್ಪಿಲ್ಲ. ಹೊಸದಾಗಿ ಅಂಗಡಿ ಹಾಕೋರು ಮಾತ್ರ, ಸದ್ಯಕ್ಕೆ, ಗಜೇಂದ್ರಗಡ ನೋಡೋದು ಒಳ್ಳೇದು.

ಸದ್ಯಕ್ಕೆ ಅನ್ನೋ ಮಾತಿಗೆ ಕಾರಣ ಆ ರೈಲೇ. ಯಲಬುರ್ಗಾ ಮತ್ತು ಕುಷ್ಟಗಿ ಸ್ಟೇಷನ್‌ಗೆ ರೈಲಿನ ಸಮಯ ನೋಡಿ ಗಜೇಂದ್ರಗಡ ಡಿಪೋದಿಂದ ಬಸ್ ಬಿಟ್ಟರೆ ರೈಲು ಈ ಊರಿಗೂ ಬಂದಂತೆ. ಹುಬ್ಬಳ್ಳಿಯಿಂದ ಮಾಲು ತರೋ ವ್ಯಾಪಾರಿಗೂ ಅನುಕೂಲ, ಬಾದಾಮಿ ಕಡೆ ಹೋಗೋ ಪ್ರಯಾಣಿಕನಿಗೂ ನಡುವೆ ಒಂದು ಊರು ಸಿಕ್ಕಂಗೆ. ಬಿಡದಿದ್ದರೆ ಆ ಪ್ರಯಾಣಿಕ ಕುಷ್ಟಗಿಯಲ್ಲೇ ಚಹಾ ಕುಡೀತಾನ. ಇದಕ್ಕೆ ಹೊಸ ಹಳಿ ಬೇಡ, ಕೇಂದ್ರದ ಅನುದಾನ ಬೇಡ. ವಾಯವ್ಯ ಸಾರಿಗೆಯ ಗದಗ ವಿಭಾಗೀಯ ಕಚೇರಿಯಲ್ಲಿ ವೇಳಾಪಟ್ಟಿ ತಿದ್ದಿದರೆ ಸಾಕು. ಆ ಮನವಿಗೆ ರೋಣ ಮತ್ತು ಗಜೇಂದ್ರಗಡದ ವರ್ತಕರು ಒಟ್ಟಿಗೆ ಸಹಿ ಹಾಕಬೇಕು. ರೋಣದಿಂದ ಯಲಬುರ್ಗಾ ಕಡೆಗೆ ಹೋಗೋ ಬಸ್ಸು ಹಾದು ಹೋಗೋದು ಗಜೇಂದ್ರಗಡದ ಮ್ಯಾಲೇ.